ಪುಸ್ತಕದ ಬದನೆಕಾಯಿಯೂ ಮಣ್ಣಿನ ಬದನೆಕಾಯಿಯೂ

ಕಾಲೇಜುಗಳ ಬಾಗಿಲು ತೆರೆಯುವ ಕಾಲ ಬಂದಿತೆಂದರೆ ಗೃಹಸ್ಥರ ಮನೆಗಳಲ್ಲಿ ಒಂದು ವಿಚಾರವು ತಪ್ಪದೆ ಚರ್ಚೆಗೆ ಬರುವುದು. ಮಗನಿಗೆ ಯಾವ ವಿಷಯವನ್ನು ಕೊಡಿಸಬೇಕು, ಮಗಳು ಯಾವ ಶಾಸ್ತ್ರವನ್ನು ಓದಿದರೆ ಮುಂದೆ ಅನುಕೂಲವಾದೀತು, ಯಾವ ಕಾಲೇಜಿನ ಪ್ರಯೋಗಶಾಲೆ ದೊಡ್ಡದು, ಎಲ್ಲಿ ಶುಲ್ಕ ಕಡಮೆ ಎಂದು ಪ್ರಶ್ನೆಗಳು ಒಂದರ ಬೆನ್ನಿಗೊಂದು ಹುಟ್ಟುವುವು. ಇವೆಲ್ಲವೂ ಕೇಳತಕ್ಕ ಪ್ರಶ್ನೆಗಳೇ ಸರಿ. ಆದರೆ ಇವುಗಳ ನಡುವೆ ಯಾರೂ ಕೇಳದೆ ಉಳಿಯುವ ಪ್ರಶ್ನೆ ಒಂದುಂಟು: ಆ ಪ್ರಯೋಗಶಾಲೆಯೊಳಗೆ ನಮ್ಮ ಮಕ್ಕಳು ಮಾಡುವುದಾದರೂ ಏನು? ಈ ತಿಂಗಳು ವಾಚಕರ ಮುಂದೆ ಈ ಪ್ರಶ್ನೆಯನ್ನೇ ಇಡಬೇಕೆಂದು ನಾವು ಎಣಿಸಿದ್ದೇವೆ.

ಸಾಮಾನ್ಯವಾಗಿ ಅಲ್ಲಿ ನಡೆಯುವುದು ಹೀಗೆ. ಈರುಳ್ಳಿಯ ಸಿಪ್ಪೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುವುದು, ಗಾಜಿನ ನಳಿಗೆಯಲ್ಲಿ ದ್ರಾವಣದ ಬಣ್ಣ ಬದಲಾಗುವುದನ್ನು ನೋಡುವುದು, ರೆಕಾರ್ಡು ಪುಸ್ತಕದಲ್ಲಿ ಚಿತ್ರ ಬರೆದು ಅಧ್ಯಾಪಕರ ರುಜು ಪಡೆಯುವುದು. ಪ್ರಯೋಗದ ಫಲವೇನೆಂಬುದು ಅಧ್ಯಾಪಕರಿಗೆ ಗೊತ್ತು. ಹಿಂದಿನ ವರ್ಷದ ವಿದ್ಯಾರ್ಥಿಗೆ ಗೊತ್ತು. ಆತನ ಪುಸ್ತಕವನ್ನು ನೋಡಿ ಬರೆದ ಈ ವರ್ಷದ ವಿದ್ಯಾರ್ಥಿಗೂ ಪ್ರಯೋಗಕ್ಕೆ ಮೊದಲೇ ಗೊತ್ತು. ಕೈಗೆ ಅಭ್ಯಾಸವಾಗಲು ಇದು ಬೇಕಾದುದೇ. ಇದನ್ನು ನಾವು ಹಳಿಯುವವರಲ್ಲ. ಆದರೆ ಉತ್ತರ ಗೊತ್ತಿರುವ ಪ್ರಶ್ನೆಯನ್ನೇ ಮೂರು ವರ್ಷಗಳ ಕಾಲ ಕೇಳುತ್ತ ಹೋದರೆ, ಪ್ರಶ್ನೆ ಕೇಳುವ ಶಕ್ತಿಯೇ ಕುಂದಿಹೋಗುವುದಲ್ಲವೆ? ಬರಿಯ ಓದಿನ ವಿದ್ಯೆಯನ್ನು ನಮ್ಮ ಹಿರಿಯರು ಪುಸ್ತಕದ ಬದನೆಕಾಯಿ ಎಂದು ಕರೆದರು. ಇಂದು ನಾವು ಹೇಳಹೊರಟಿರುವ ಕಥೆಯಲ್ಲಿ ನಿಜವಾದ ಬದನೆಕಾಯಿಯೊಂದು ಬರುವುದು. ಅದಕ್ಕೆ ಮುಂಚೆ ಹೊಸದಾಗಿ ಬೆಳೆದಿರುವ ಶಾಸ್ತ್ರವೊಂದರ ಪರಿಚಯವನ್ನು ಮಾಡಿಕೊಡಬೇಕಾಗಿದೆ.

ಈ ಶಾಸ್ತ್ರಕ್ಕೆ ಸಿಸ್ಟಮ್ಸ್ ಬಯಾಲಜಿ ಎಂದು ಹೆಸರು. ಜೀವವ್ಯವಸ್ಥಾಶಾಸ್ತ್ರ ಎಂದು ನಾವು ಕರೆಯಬಹುದು. ಹಿಂದಿನ ಜೀವಶಾಸ್ತ್ರವು ಪ್ರಾಣಿಯನ್ನು ಅಂಗಗಳಾಗಿ, ಅಂಗವನ್ನು ಜೀವಕೋಶಗಳಾಗಿ, ಕೋಶವನ್ನು ಜೀನುಗಳಾಗಿ ಮತ್ತು ಪ್ರೋಟೀನುಗಳಾಗಿ ಬಿಡಿಸಿ ಒಂದೊಂದನ್ನೂ ಪರೀಕ್ಷಿಸಿತು. ಅದರಿಂದ ಬಂದ ಲಾಭ ಅಪಾರ. ಆದರೆ ಒಂದು ಮನೆಯ ಜನರ ಹೆಸರು, ವಯಸ್ಸುಗಳ ಪಟ್ಟಿಯನ್ನು ಬರೆದುಕೊಂಡ ಮಾತ್ರಕ್ಕೆ ಆ ಮನೆಯ ಸಂಸಾರ ಹೇಗೆ ನಡೆಯುವುದೆಂಬುದು ತಿಳಿಯುವುದೆ? ಯಾರ ಮಾತನ್ನು ಯಾರು ಕೇಳುತ್ತಾರೆ, ಯಾರು ಯಾರನ್ನು ತಡೆಯುತ್ತಾರೆ, ಒಬ್ಬರು ಊರಿಗೆ ಹೋದರೆ ಉಳಿದವರ ನಡತೆ ಹೇಗೆ ಬದಲಾಗುತ್ತದೆ ಎಂಬುದನ್ನು ಅರಿತಾಗಲೇ ಮನೆಯ ರೀತಿ ತಿಳಿದಂತಾಯಿತು. ಜೀವಕೋಶದ ಸಂಸಾರವನ್ನು ಹೀಗೆ ಸಂಬಂಧಗಳ ಮೂಲಕ, ಗಣಿತದ ಸಹಾಯದಿಂದ ಅರಿಯುವುದೇ ಈ ಶಾಸ್ತ್ರದ ಗುರಿ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾದೀತು. ಒಂದನ್ನೊಂದು ಅದುಮುವ ಎರಡು ಜೀನುಗಳಿವೆಯೆನ್ನೋಣ. ಮೊದಲನೆಯದು ಮೇಲುಗೈಯಾದರೆ ಎರಡನೆಯದು ಅಡಗುವುದು; ಎರಡನೆಯದು ಅಡಗಿದುದರಿಂದ ಮೊದಲನೆಯದಕ್ಕೆ ತಡೆಯೇ ಇಲ್ಲದೆ ಅದರ ಅಧಿಕಾರ ಇನ್ನಷ್ಟು ಸ್ಥಿರವಾಗುವುದು. ಎರಡನೆಯದು ಗೆದ್ದರೂ ಹಾಗೆಯೇ. ಎಂದರೆ ಇದು ದೀಪದ ಸ್ವಿಚ್ಚಿನಂತೆ ಎರಡು ಸ್ಥಿತಿಗಳಲ್ಲಿ ಒಂದರಲ್ಲಿ ನಿಂತುಬಿಡುವುದು. ಇನ್ನು ಮೂರು ಜೀನುಗಳನ್ನು ತೆಗೆದುಕೊಳ್ಳಿರಿ. ಮೊದಲನೆಯದು ಎರಡನೆಯದನ್ನೂ, ಎರಡನೆಯದು ಮೂರನೆಯದನ್ನೂ, ಮೂರನೆಯದು ಮೊದಲನೆಯದನ್ನೂ ಅದುಮುತ್ತವೆ. ಈಗ ಮೊದಲನೆಯದು ಎದ್ದಿತೆಂದರೆ ಎರಡನೆಯದು ಬೀಳುವುದು. ಅದು ಬಿದ್ದುದರಿಂದ ಮೂರನೆಯದು ಏಳುವುದು. ಮೂರನೆಯದು ಎದ್ದು ಮೊದಲನೆಯದನ್ನೇ ಬೀಳಿಸುವುದು. ಇಲ್ಲಿ ಯಾರಿಗೂ ಸ್ಥಿರವಾದ ಗದ್ದುಗೆಯಿಲ್ಲ. ಗಡಿಯಾರದ ಲೋಲಕದಂತೆ ಏರಿಳಿತ ನಡೆಯುತ್ತಲೇ ಇರುವುದು. ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ಮೈಕೆಲ್ ಎಲೋವಿಟ್ಸ್ ಮತ್ತು ಸ್ಟಾನಿಸ್ಲಾಸ್ ಲೈಬ್ಲರ್ ಎಂಬ ವಿಜ್ಞಾನಿಗಳು ಇಂತಹ ಮೂರು ಜೀನುಗಳ ಚಕ್ರವನ್ನು ಇ. ಕೋಲಿ ಎಂಬ ಬ್ಯಾಕ್ಟೀರಿಯಾದೊಳಗೆ ನಿಜವಾಗಿಯೂ ಕಟ್ಟಿ, ಅದು ಹಸುರು ಬೆಳಕಿನಿಂದ ಮಿನುಗಿ ಆರಿ ಮತ್ತೆ ಮಿನುಗುವುದನ್ನು 2000ದಲ್ಲಿ ಪ್ರಕಟಿಸಿದರು. ಒಂದು ಸುತ್ತಿಗೆ ಸುಮಾರು ಎರಡೂವರೆ ಗಂಟೆ ಹಿಡಿಯುತ್ತಿದ್ದಿತು. ಜೀನುಗಳಾವುವೆಂದು ಹೇಳಿದ ಮಾತ್ರಕ್ಕೆ ಈ ಮಿನುಗು ತಿಳಿಯಲಾರದು. ಅವುಗಳ ಸಂಬಂಧವನ್ನು ಲೆಕ್ಕ ಹಾಕಿದರೆ ಮಾತ್ರ ತಿಳಿಯುವುದು.

ಇಂತಹ ಶಾಸ್ತ್ರವನ್ನು ಹದಿನೆಂಟು ಇಪ್ಪತ್ತು ವರ್ಷದ ಹುಡುಗರಿಗೆ ಕಲಿಸುವುದು ಸುಲಭವಲ್ಲ. ಜೀವಶಾಸ್ತ್ರ ಹಿಡಿದವರು ಗಣಿತಕ್ಕೆ ಹೆದರಿ ಬಂದವರು; ಗಣಿತ ಹಿಡಿದವರು ಜೀವಿಯನ್ನು ಮುಟ್ಟಿ ಅರಿಯರು; ಗಣಕಯಂತ್ರದವರು ಬೇರೆ ಕಟ್ಟಡದಲ್ಲಿರುವರು. ಕಪ್ಪುಹಲಗೆಯ ಮೇಲೆ ಸಮೀಕರಣಗಳನ್ನು ಬರೆದು ತೋರಿಸಿದರೆ ಪರೀಕ್ಷೆಯ ದಿನದವರೆಗೆ ಅವು ತಲೆಯಲ್ಲಿ ಉಳಿದಾವು. ಆದರೆ ತಾನೇ ಸಾಕಿದ ಜೀವಿ ತಾನು ಎಣಿಸಿದಂತೆ ನಡೆಯದೆ ಹೋದಾಗ, ಏಕೆ ಹೀಗಾಯಿತೆಂಬ ಕಳವಳವು ಹುಡುಗನನ್ನು ತಾನಾಗಿಯೇ ಗಣಿತದ ಬಳಿಗೆ ಎಳೆದೊಯ್ಯುವುದು. ಆದುದರಿಂದಲೇ ಈ ಶಾಸ್ತ್ರವನ್ನೂ ಇದರ ನೆರೆಯ ಶಾಸ್ತ್ರಗಳನ್ನೂ ಸಂಶೋಧನೆಯ ಕೆಲಸದ ಮೂಲಕವೇ ಕಲಿಸಬೇಕೆಂಬ ಅಭಿಪ್ರಾಯ ಬಲವಾಯಿತು. ಅಮೆರಿಕದ ಎಂ.ಐ.ಟಿ. ವಿದ್ಯಾಲಯದಲ್ಲಿ 2003ರ ಜನವರಿ ತಿಂಗಳಲ್ಲಿ, ಮಿನುಗುವ ಜೀವಕೋಶಗಳನ್ನು ವಿದ್ಯಾರ್ಥಿಗಳೇ ಯೋಚಿಸಿ ರಚಿಸತಕ್ಕದ್ದೆಂಬ ಸಣ್ಣ ತರಗತಿಯೊಂದು ನಡೆಯಿತು. 2004ರಲ್ಲಿ ಅದು ಐದು ತಂಡಗಳ ಸ್ಪರ್ಧೆಯಾಗಿ, ಮುಂದೆ ಐಜೆಮ್ ಎಂಬ ಹೆಸರಿನಿಂದ ಲೋಕದ ಅನೇಕ ದೇಶಗಳಿಗೆ ಹಬ್ಬಿತು. ನಮ್ಮ ಬೆಂಗಳೂರಿನಿಂದ 2009ರಲ್ಲಿ ಹೋದ ತಂಡವೊಂದು ಕಲೆಯನ್ನು ಅಭ್ಯಾಸ ಮಾಡುತ್ತಿದ್ದ ವಿದ್ಯಾರ್ಥಿಗಳದು. ಮೊದಲ ಮಳೆ ಬಿದ್ದಾಗ ನೆಲದಿಂದೇಳುವ ಮಣ್ಣಿನ ವಾಸನೆಗೆ ಕಾರಣವಾದ ಜಿಯೋಸ್ಮಿನ್ ಎಂಬ ವಸ್ತುವನ್ನು ಬ್ಯಾಕ್ಟೀರಿಯಾದಿಂದ ಮಾಡಿಸುವ ಕೆಲಸಕ್ಕೆ ಅವರು ಕೈಹಾಕಿದರು. ಜೀವಶಾಸ್ತ್ರದ ಪದವಿಯಿಲ್ಲದವರೂ ತಮಗೆ ಪ್ರಿಯವಾದ ಪ್ರಶ್ನೆಯೊಂದನ್ನು ಹಿಡಿದು ಆ ಶಾಸ್ತ್ರದೊಳಕ್ಕೆ ಹೋಗಬಹುದೆಂಬುದಕ್ಕೆ ಇದು ನಿದರ್ಶನವಾಗಿದೆ.

ಇನ್ನು ಬದನೆಕಾಯಿಯ ಕಥೆಗೆ ಬರೋಣ.

ಬ್ಯಾಕ್ಟೀರಿಯಾಗಳನ್ನು ತಿಂದು ಬದುಕುವ ವೈರಸುಗಳಿಗೆ ಫೇಜುಗಳೆಂದು ಹೆಸರು. ಗಂಗಾ ಯಮುನಾ ನದಿಗಳ ನೀರಿನಲ್ಲಿ ಕಾಲರಾ ಕ್ರಿಮಿಗಳು ಸಾಯುತ್ತವೆಂದು ಹ್ಯಾಂಕಿನ್ ಎಂಬಾತನು 1896ರಲ್ಲಿಯೇ ಬರೆದಿದ್ದನು. 1915ರಲ್ಲಿ ಟ್ವಾರ್ಟ್ ಎಂಬಾತನೂ 1917ರಲ್ಲಿ ಡಿ’ಹೆರೆಲ್ ಎಂಬಾತನೂ ಫೇಜುಗಳನ್ನು ಗುರುತಿಸಿದರು. ಲೋಕದಲ್ಲಿ ಇವುಗಳ ಸಂಖ್ಯೆ 1ನ್ನು ಬರೆದು ಮುಂದೆ 31 ಸೊನ್ನೆಗಳನ್ನು ಇಟ್ಟಷ್ಟೆಂದು ಅಂದಾಜು. ಹಿತ್ತಲ ಮಣ್ಣಿನ ಒಂದು ಹಿಡಿಯಲ್ಲಿ ಯಾರೂ ಕಾಣದ ಫೇಜು ಸಿಕ್ಕುವ ಸಂಭವ ಧಾರಾಳವಾಗಿದೆ. ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಗ್ರೇಹಾಮ್ ಹ್ಯಾಟ್‌ಫುಲ್ ಎಂಬ ಅಧ್ಯಾಪಕರು ಇದರಲ್ಲಿ ಪಾಠಕ್ಕೆ ಯೋಗ್ಯವಾದ ವಸ್ತುವನ್ನು ಕಂಡರು. ಹೊವರ್ಡ್ ಹ್ಯೂಸ್ ವೈದ್ಯಕೀಯ ಸಂಸ್ಥೆಯ ನೆರವಿನಿಂದ 2008ರಲ್ಲಿ ಸೀ-ಫೇಜಸ್ ಎಂಬ ಪಾಠಕ್ರಮವು ಪದವಿ ತರಗತಿಯ ಮೊದಲನೆಯ ವರ್ಷದವರಿಗಾಗಿಯೇ ಆರಂಭವಾಯಿತು.

ಅದರ ಕ್ರಮ ಹೀಗಿದೆ. ವಿದ್ಯಾರ್ಥಿಯು ತನ್ನ ಮನೆಯ ಅಂಗಳದಿಂದಲೋ ಗೊಬ್ಬರದ ಗುಂಡಿಯಿಂದಲೋ ಮಣ್ಣನ್ನು ತರುವನು. ಅದನ್ನು ದ್ರಾವಣದಲ್ಲಿ ಕದಡಿ, ಬ್ಯಾಕ್ಟೀರಿಯಾಗಳೂ ದಾಟಲಾರದ ಸೂಕ್ಷ್ಮವಾದ ಸೋಸುವಿಕೆಯಿಂದ ಸೋಸಿ, ಕ್ಷಯದ ಕ್ರಿಮಿಗೆ ದಾಯಾದಿಯಾಗಿದ್ದರೂ ನಿರಪಾಯವಾದ ಮೈಕೋಬ್ಯಾಕ್ಟೀರಿಯಂ ಸ್ಮೆಗ್ಮಾಟಿಸ್ ಎಂಬ ಬ್ಯಾಕ್ಟೀರಿಯಾದೊಡನೆ ಅಗರ್ ತಟ್ಟೆಯ ಮೇಲೆ ಹರಡುವನು. ಒಂದೆರಡು ದಿನಗಳಲ್ಲಿ ಬ್ಯಾಕ್ಟೀರಿಯಾ ಬೆಳೆದು ತಟ್ಟೆ ಮಬ್ಬಾಗುವುದು. ಫೇಜು ಇದ್ದಲ್ಲಿ ಮಾತ್ರ ಆ ಮಬ್ಬಿನ ನಡುವೆ ತಿಳಿಯಾದ ಬೋಳು ಚುಕ್ಕೆಗಳು ಕಾಣುವುವು. ಒಂದು ಫೇಜಿನಿಂದ 100 ಹುಟ್ಟುವುವೆಂದು ಇಟ್ಟುಕೊಂಡರೆ ಮೂರನೆಯ ಪೀಳಿಗೆಗೆ ಅವು 10 ಲಕ್ಷವಾಗುವುವು. ಕಣ್ಣಿಗೆ ಕಾಣದ ಜೀವಿಯು ಕಣ್ಣಿಗೆ ಕಾಣುವ ಚುಕ್ಕೆಯಾಗುವುದು ಈ ಗುಣಾಕಾರದಿಂದ. ವಿದ್ಯಾರ್ಥಿಯು ಆ ಫೇಜನ್ನು ಶುದ್ಧಗೊಳಿಸಿ, ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅದರ ಆಕಾರವನ್ನು ನೋಡಿ, ಅದಕ್ಕೆ ತಾನೇ ಹೆಸರಿಡುವನು. ಎರಡನೆಯ ಅವಧಿಯಲ್ಲಿ ಕೆಲವು ಫೇಜುಗಳ ಜೀನೋಮಿನ ಅಕ್ಷರಗಳನ್ನು ಓದಿಸಿ, ಎಲ್ಲಿ ಒಂದು ಜೀನು ಮೊದಲಾಗುತ್ತದೆ, ಎಲ್ಲಿ ಮುಗಿಯುತ್ತದೆ, ಯಾವ ಕೆಲಸ ಮಾಡುತ್ತದೆ ಎಂದು ಗಣಕಯಂತ್ರದ ಮುಂದೆ ಕುಳಿತು ವಿಚಾರ ಮಾಡುವರು. ಅನೇಕ ಜೀನುಗಳ ಕೆಲಸವೇನೆಂಬುದು ಅಧ್ಯಾಪಕರಿಗೂ ತಿಳಿಯದು. ಹೀಗೆ ಗುರುವೂ ಶಿಷ್ಯನೂ ಒಂದೇ ಅಜ್ಞಾನದ ಮುಂದೆ ಜೊತೆಯಾಗಿ ನಿಲ್ಲುವುದೇ ಈ ಪಾಠದ ಸಾರ.

ಈ ಪಾಠದ ಪ್ರಸಾರಕ್ಕೆ 2014ರಲ್ಲಿ ಪ್ರಕಟವಾದ ವರದಿಯೇ ಸಾಕ್ಷಿ. ಆ ವೇಳೆಗೆ 73 ವಿದ್ಯಾಸಂಸ್ಥೆಗಳಲ್ಲಿ 4,800ಕ್ಕೂ ಹೆಚ್ಚು ವಿದ್ಯಾರ್ಥಿಗಳು ಇದನ್ನು ಓದಿದ್ದರು. ಅವರಲ್ಲಿ ವಿಜ್ಞಾನದ ಮೇಲಣ ಆಸಕ್ತಿಯೂ ಅದನ್ನು ನಡುವೆ ಬಿಡದೆ ಮುಂದುವರಿಯುವ ಸ್ಥೈರ್ಯವೂ ಹೆಚ್ಚಿದುವೆಂದು ವರದಿ ಹೇಳಿತು. 2015ರಲ್ಲಿ 627 ಫೇಜುಗಳ ಜೀನೋಮುಗಳನ್ನು ಹೋಲಿಸಿದ ಲೇಖನವೊಂದು ಹೊರಬಂದಿತು; ಅದರ ಲೇಖಕರಲ್ಲಿ ಬಹುಮಂದಿ ವಿದ್ಯಾರ್ಥಿಗಳೇ. ರೆಕಾರ್ಡು ಪುಸ್ತಕದಲ್ಲಿ ಸತ್ತುಹೋಗಬಹುದಾಗಿದ್ದ ಶ್ರಮವು ಶಾಸ್ತ್ರಕ್ಕೆ ಆಸ್ತಿಯಾಯಿತು.

2010ರಲ್ಲಿ ದಕ್ಷಿಣ ಆಫ್ರಿಕದ ಡರ್ಬನ್ ನಗರದಲ್ಲಿ ಒಬ್ಬ ವಿದ್ಯಾರ್ಥಿನಿಯು ಗೊಬ್ಬರವಾಗುತ್ತಿದ್ದ ಕೊಳೆತ ಬದನೆಕಾಯಿಯ ಅಡಿಭಾಗದಿಂದ ಒಂದು ಫೇಜನ್ನು ಹಿಡಿದಳು. ಅದಕ್ಕೆ ಮಡ್ಡಿ ಎಂದು ಹೆಸರಾಯಿತು. ಇಂಗ್ಲಿಷಿನಲ್ಲಿ ಕೆಸರಿನದು ಎಂದರ್ಥ. ಆಗ ಅದರಿಂದ ಯಾರಿಗೂ ಯಾವ ಪ್ರಯೋಜನವೂ ತೋರಲಿಲ್ಲ. ಅದು ಪಿಟ್ಸ್‌ಬರ್ಗಿನ ಶೀತಪೆಟ್ಟಿಗೆಯಲ್ಲಿ ಸಾವಿರಾರು ಫೇಜುಗಳ ನಡುವೆ ಮಲಗಿತು. ಕೆಲವು ವರ್ಷಗಳ ತರುವಾಯ ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಆಸ್ಪತ್ರೆಯಲ್ಲಿ 15 ವರ್ಷದ ರೋಗಿಯೊಬ್ಬಳ ಸ್ಥಿತಿ ಕೈಮೀರಿತು. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಹುಟ್ಟುರೋಗದ ಕಾರಣ ಆಕೆಗೆ ಎರಡು ಶ್ವಾಸಕೋಶಗಳನ್ನೂ ಬದಲಿಸಿದ್ದರು. ಆಮೇಲೆ ಮೈಕೋಬ್ಯಾಕ್ಟೀರಿಯಂ ಅಬ್ಸೆಸ್ಸಸ್ ಎಂಬ ಕ್ರಿಮಿಯು ದೇಹದಲ್ಲೆಲ್ಲ ಹರಡಿ ಯಾವ ಔಷಧಕ್ಕೂ ಬಗ್ಗದಾಯಿತು. ವೈದ್ಯರು ಹ್ಯಾಟ್‌ಫುಲ್ಲರ ಸಹಾಯವನ್ನು ಬೇಡಿದರು. ಆ ಭಾರಿ ಸಂಗ್ರಹದಲ್ಲಿ ಹುಡುಕಿದಾಗ ಉಪಯೋಗಕ್ಕೆ ಬಂದುವು ಮೂರು: ಮಡ್ಡಿ, ಬಿಪಿಎಸ್, ಜೋಯಿಜೆ.

ಇಲ್ಲಿಯೇ ಮೊದಲು ಹೇಳಿದ ವ್ಯವಸ್ಥಾಶಾಸ್ತ್ರದ ಉಪಯೋಗವು ಕಾಣುವುದು. ಮಡ್ಡಿಯು ಸ್ವಭಾವದಿಂದಲೇ ಕ್ರಿಮಿಯನ್ನು ಒಡೆದು ಕೊಲ್ಲುವ ಜಾತಿ. ಉಳಿದೆರಡು ಹಾಗಲ್ಲ, ಅವು ಕೆಲವೊಮ್ಮೆ ಕ್ರಿಮಿಯನ್ನು ಕೊಲ್ಲದೆ ಅದರ ಜೀನೋಮಿನೊಳಗೇ ಸೇರಿ ಬಾಡಿಗೆದಾರನಂತೆ ತೆಪ್ಪಗೆ ಉಳಿದುಬಿಡುವುವು. ಕೊಲ್ಲುವುದೋ ಅಡಗುವುದೋ ಎಂಬುದನ್ನು ನಿರ್ಣಯಿಸುವುದು ನಾವು ಮೇಲೆ ವರ್ಣಿಸಿದ ಬಗೆಯ ಜೀನುಗಳ ಸ್ವಿಚ್ಚು. ಕೊಲ್ಲುವ ಜೀನುಗಳನ್ನು ಅದುಮಿ ಹಿಡಿಯುವ ಜೀನನ್ನು ತೆಗೆದುಹಾಕಿದರೆ ಆ ಸ್ವಿಚ್ಚು ಒಂದೇ ಕಡೆಗೆ ನಿಲ್ಲಬೇಕಾಗುವುದು. ಹ್ಯಾಟ್‌ಫುಲ್ಲರ ತಂಡವು ಹಾಗೆಯೇ ಮಾಡಿ ಆ ಎರಡು ಫೇಜುಗಳನ್ನೂ ಬರಿಯ ಕೊಲ್ಲುವ ಜಾತಿಯನ್ನಾಗಿ ತಿದ್ದಿತು. 2018ರಲ್ಲಿ ಮೂರನ್ನೂ ಕೂಡಿಸಿ ರೋಗಿಗೆ ಕೊಟ್ಟರು. ಆಕೆಯ ಗಾಯ ಕೂಡಿತು. ಯಕೃತ್ತಿನ ಕೆಲಸ ಸುಧಾರಿಸಿತು. ಚರ್ಮದ ಗಂಟುಗಳು ಬಹುಮಟ್ಟಿಗೆ ಕರಗಿದುವು. ಆಕೆ ಆಸ್ಪತ್ರೆಯಿಂದ ಮನೆಗೆ ಹೋದಳು. 2019ರಲ್ಲಿ ಈ ವೃತ್ತಾಂತವು ಪ್ರಕಟವಾಯಿತು. ಕೈ ಕೆಸರಾದರೆ ಬಾಯಿ ಮೊಸರೆಂಬ ನಮ್ಮ ಗಾದೆಗೆ ಇದಕ್ಕಿಂತ ಬೇರೆ ವ್ಯಾಖ್ಯಾನ ಬೇಕಾಗಿಲ್ಲ.

ಆದರೂ ವಾಚಕರು ಇದನ್ನು ಸರ್ವರೋಗಗಳ ಸಂಜೀವಿನಿಯೆಂದು ತಿಳಿಯಬಾರದು. ಆ ಬಾಲೆಯ ದೇಹದಿಂದಲೂ ಕ್ರಿಮಿಯು ಸಂಪೂರ್ಣವಾಗಿ ನಿರ್ಮೂಲವಾಗಲಿಲ್ಲ. ಮುಂದೆ ಇದೇ ಬಗೆಯ ರೋಗವಿದ್ದ 20 ಮಂದಿಗೆ ಫೇಜುಗಳನ್ನು ಕೊಟ್ಟು ನೋಡಿದ ವರದಿ 2022ರಲ್ಲಿ ಬಂದಿತು. ಗುಣವು ಕಂಡುದು 11 ಮಂದಿಯಲ್ಲಿ ಮಾತ್ರ. ಉಳಿದವರಲ್ಲಿ ಏಕೆ ಕಾಣಲಿಲ್ಲವೆಂಬುದು ಮುಂದಿನ ವಿದ್ಯಾರ್ಥಿಗಳಿಗೆ ಬಿಟ್ಟ ಪ್ರಶ್ನೆ. ಉತ್ತರವಿಲ್ಲದ ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಉತ್ತರವಿಲ್ಲದ ಪ್ರಶ್ನೆಯೆಂದೇ ಮುಂದಿನವರ ಕೈಗೆ ಕೊಡುವುದೂ ವಿದ್ಯೆಯ ಒಂದು ಭಾಗವೆಂದು ನಾವು ನಂಬಿದ್ದೇವೆ.

ಇದೆಲ್ಲ ಐಶ್ವರ್ಯವಂತ ದೇಶಗಳ ಮಾತು, ನಮ್ಮ ಜಿಲ್ಲೆಯ ಕಾಲೇಜಿಗೆ ಇದು ಸಾಧ್ಯವೆ ಎಂದು ಕೇಳುವವರುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 2011ರಲ್ಲಿ ಆರಂಭವಾದ ನಾಲ್ಕು ವರ್ಷಗಳ ಪದವಿಯಲ್ಲಿ ಕೊನೆಯ ವರ್ಷಕ್ಕೆ ಸಂಶೋಧನೆಯ ಕೆಲಸವನ್ನು ಸೇರಿಸಿದ್ದಾರೆ. ಆದರೆ ಎಲ್ಲರ ಮಕ್ಕಳೂ ಅಲ್ಲಿಗೆ ಹೋಗಲಾರರು. ನಮ್ಮ ಊರುಗಳಲ್ಲಿ ಇಂದು ಪ್ರಾಜೆಕ್ಟ್ ಎಂಬ ಶಬ್ದಕ್ಕೆ ಬಂದಿರುವ ಅವಸ್ಥೆಯನ್ನು ನೋಡಿದರೆ ವ್ಯಥೆಯಾಗುವುದು. ಹಣ ಕೊಟ್ಟರೆ ಸಿದ್ಧವಾದ ವರದಿಯನ್ನು ರಟ್ಟುಕಟ್ಟಿ ಕೊಡುವವರಿದ್ದಾರೆ; ಹಳೆಯ ವರದಿಯ ಹೆಸರು ಬದಲಿಸಿ ಒಪ್ಪಿಸುವವರಿದ್ದಾರೆ; ಗೊತ್ತಿದ್ದೂ ರುಜು ಹಾಕುವವರಿದ್ದಾರೆ. ಇದು ವಿದ್ಯೆಯ ಹೆಸರಿನಲ್ಲಿ ಸುಳ್ಳನ್ನು ಕಲಿಸಿದಂತಲ್ಲವೆ? ಇಂತಹ ವರದಿಗೆ ಹಣ ತೆರುವವರು ಬಹುಮಟ್ಟಿಗೆ ತಂದೆತಾಯಿಗಳೇ ಆದುದರಿಂದ ಈ ಮಾತನ್ನು ಗೃಹಸ್ಥರಿಗೇ ಹೇಳುತ್ತಿದ್ದೇವೆ.

ನಿಜವಾದ ಸಂಶೋಧನೆಗೆ ಬೆಲೆಬಾಳುವ ಯಂತ್ರಗಳು ಇರಲೇಬೇಕೆಂಬ ನಿಯಮವೇನೂ ಇಲ್ಲ. ನಮ್ಮ ಅಡಿಗೆಯ ಮನೆಯಲ್ಲಿಯೇ ಒಂದು ಜೀವವ್ಯವಸ್ಥೆ ಪ್ರತಿರಾತ್ರಿಯೂ ಕೆಲಸ ಮಾಡುತ್ತಿರುವುದು. ಅದು ಇಡ್ಲಿಯ ಹಿಟ್ಟು. ಅಕ್ಕಿ ಉದ್ದಿನೊಡನೆ ಬಂದ ಲ್ಯೂಕೊನಾಸ್ಟಾಕ್ ಮೊದಲಾದ ಬ್ಯಾಕ್ಟೀರಿಯಾಗಳು ಅದರಲ್ಲಿ ಬೆಳೆದು, ಅನಿಲವನ್ನು ಹೊರಬಿಟ್ಟು ಹಿಟ್ಟನ್ನು ಉಬ್ಬಿಸುವುವು. ಆಮ್ಲವನ್ನು ಹೊರಬಿಟ್ಟು ಹುಳಿ ಬರಿಸುವುವು. ಹುಳಿ ಏರಿದಂತೆ ಅವುಗಳ ಬೆಳವಣಿಗೆಗೆ ಆ ಹುಳಿಯೇ ತಡೆಯಾಗುವುದು. ತಡೆಯಿಲ್ಲದೆ 20 ನಿಮಿಷಕ್ಕೊಮ್ಮೆ ಇಮ್ಮಡಿಸುವ ಬ್ಯಾಕ್ಟೀರಿಯಾ ಒಂದಿದ್ದರೆ ಅದು 10 ಗಂಟೆಗಳಲ್ಲಿ 100 ಕೋಟಿಯನ್ನು ಮೀರಬೇಕು. ಹಿಟ್ಟಿನಲ್ಲಿ ಈ ಬೆಳವಣಿಗೆ ಕೊನೆಯಿಲ್ಲದೆ ನಡೆಯದೆ ಒಂದು ಹಂತದಲ್ಲಿ ನಿಲ್ಲುವುದೇಕೆ? ತನ್ನ ಕೆಲಸದ ಫಲವೇ ತನಗೆ ಲಗಾಮಾಗುವ ಈ ರೀತಿಯೇ ವ್ಯವಸ್ಥಾಶಾಸ್ತ್ರದ ಮೊದಲನೆಯ ಪಾಠ.

ಆರು ಮಂದಿ ವಿದ್ಯಾರ್ಥಿಗಳು ಅಳತೆಯ ಗಾಜಿನ ಪಾತ್ರೆಗಳಲ್ಲಿ ಒಂದೇ ಹಿಟ್ಟನ್ನು ತುಂಬಿ, ಮೂರು ಬೇರೆ ಬೇರೆ ಉಷ್ಣತೆಗಳಲ್ಲಿಟ್ಟು, ಗಂಟೆಗೊಮ್ಮೆ ಹಿಟ್ಟು ಏರಿದ ಎತ್ತರವನ್ನೂ, ಆಮ್ಲವನ್ನಳೆಯುವ ಬಣ್ಣದ ಕಾಗದದಿಂದ ಹುಳಿಯನ್ನೂ ಗುರುತು ಹಾಕಿಕೊಳ್ಳಲಿ. ಆ ಅಂಕಿಗಳಿಂದ ರೇಖೆಯನ್ನೆಳೆದು, ಅದಕ್ಕೆ ಹೊಂದುವ ಸಮೀಕರಣವನ್ನು ಹುಡುಕಲಿ. ಬಳಿಕ, ಇನ್ನೂ ಪರೀಕ್ಷಿಸದ ನಾಲ್ಕನೆಯ ಉಷ್ಣತೆಯಲ್ಲಿ ಎಷ್ಟು ಗಂಟೆಗೆ ಎಷ್ಟು ಏರೀತೆಂದು ಮೊದಲೇ ಬರೆದಿಟ್ಟು, ಆಮೇಲೆ ಅಳೆದು ನೋಡಲಿ. ಉಪ್ಪನ್ನು ಮೊದಲೇ ಹಾಕಿದರೇನಾಗುವುದು, ಹಿಂದಿನ ದಿನದ ಹಿಟ್ಟಿನ ಒಂದು ಸೌಟು ಬೆರೆಸಿದರೇನಾಗುವುದು, ಮಾರ್ಗಶಿರದ ಚಳಿಯಲ್ಲಿ ಹಿಟ್ಟು ಏಳದಿರುವುದೇಕೆ ಎಂದು ಪ್ರಶ್ನೆಗಳು ತಾವಾಗಿಯೇ ಬೆಳೆಯುವುವು. ಎಣಿಕೆ ತಪ್ಪಿದರೆ ಅದು ಸೋಲಲ್ಲ. ಲೆಕ್ಕದಲ್ಲಿ ಯಾವ ಸಂಬಂಧವನ್ನು ಬಿಟ್ಟಿದ್ದೇವೆಂದು ತೋರಿಸುವ ಕೈಮರ. ಈ ಕೆಲಸದಲ್ಲಿ ಅಜ್ಜಿಯ ಅನುಭವಕ್ಕೂ ಬೆಲೆಯುಂಟು. ಬೇರೆ ಕ್ರಿಮಿಗಳನ್ನು ಬೆಳೆಸುವ ಕೆಲಸವನ್ನು ಮಾತ್ರ ಮನೆಯಲ್ಲಿ ಮಾಡದೆ, ಕಾಲೇಜಿನಲ್ಲಿ ಅಧ್ಯಾಪಕರ ಎದುರಿಗೇ ಮಾಡತಕ್ಕದ್ದು.

ಇಂತಹ ಪಾಠಕ್ಕೆ ಅಧ್ಯಾಪಕರ ಸಮಯ ಬೇಕು. ಅವರಿಗೆ ತರಬೇತಿ ಬೇಕು. ಅಂಕಗಳನ್ನು ಫಲಕ್ಕೆ ಕೊಡದೆ ಕ್ರಮಕ್ಕೆ, ಯೋಚನೆಗೆ, ಸತ್ಯವಾಗಿ ಬರೆದಿಟ್ಟ ದಿನಚರಿಗೆ ಕೊಡುವ ಪದ್ಧತಿ ಬರಬೇಕು. ಇವೆಲ್ಲ ಒಂದು ದಿನದಲ್ಲಿ ಆಗುವ ಮಾತಲ್ಲ. ಆದರೆ ಗೃಹಸ್ಥರು ಇಂದೇ ಮಾಡಬಹುದಾದುದೂ ಇದೆ. ಕಾಲೇಜಿಗೆ ಸೇರಿಸುವಾಗ ಪ್ರಯೋಗಶಾಲೆಯ ಉದ್ದಗಲಗಳನ್ನು ಕೇಳುವುದರ ಜೊತೆಗೆ, ಉತ್ತರ ತಿಳಿಯದ ಯಾವ ಪ್ರಶ್ನೆಯನ್ನು ವಿದ್ಯಾರ್ಥಿಗಳ ಕೈಗೆ ಕೊಡುತ್ತೀರೆಂದು ವಿನಯದಿಂದ ಕೇಳಿರಿ. ಮಗನು ಮನೆಗೆ ಬಂದಾಗ ಎಷ್ಟು ಅಂಕ ಬಂದುವೆಂದು ಕೇಳಿದ ಬಳಿಕ, ಯಾವ ಎಣಿಕೆ ತಪ್ಪಿತು, ಏಕೆ ತಪ್ಪಿತು ಎಂದೂ ಕೇಳಿರಿ. ಮಗಳು ಹಿತ್ತಲ ಮಣ್ಣನ್ನು ಡಬ್ಬಿಯಲ್ಲಿ ತುಂಬಿಕೊಂಡು ಹೊರಟರೆ, ಹೆಣ್ಣುಮಗಳಿಗೆ ಈ ಕೆಸರಿನ ಕೆಲಸವೇಕೆಂದು ತಡೆಯದಿರಿ. ಆ ಡಬ್ಬಿಯಲ್ಲಿ ಏನಿದೆಯೆಂಬುದು ಆಕೆಗೂ ತಿಳಿಯದು, ನಮಗೂ ತಿಳಿಯದು. ತಿಳಿಯದೆಂಬ ಕಾರಣಕ್ಕಾಗಿಯೇ ಆಕೆ ಅದನ್ನು ಕೊಂಡೊಯ್ಯಬೇಕಾಗಿದೆ.